ಉಪವಾಸದ ದಿನವೇ ಏಳುವ ಗಂಧೆ

"ಇಷ್ಟು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಏನೂ ತಿನ್ನದೇ ಇರೋದಕ್ಕೆ ಅಲರ್ಜಿ ಆಗೋ ಮನುಷ್ಯನನ್ನ ಇವತ್ತೇ ನೋಡ್ತಿರೋದು."

ಹೀಗೆಂದು ನನ್ನ ಮುಖವನ್ನೇ ನೋಡುತ್ತ ಕುಳಿತವರು ಡಲ್ಲಾಸ್‌ನ ಒಬ್ಬ ಡಯಟಿಷಿಯನ್. ಹೆಸರು ಕ್ಯಾರಲ್. (ಹೇಳಿದ್ದು ಅಪ್ಪಟ ಟೆಕ್ಸಸ್ ಇಂಗ್ಲಿಷಿನಲ್ಲಿ. ಕನ್ನಡ ನನ್ನದು.) ಅವರ ಮೇಜಿನ ಮೇಲೆ ನನ್ನ ನಾಲ್ಕು ತಿಂಗಳ ಊಟ ತಿಂಡಿಯ ಡೈರಿ ಉದ್ದಕ್ಕೆ ಪ್ರಿಂಟ್ ಆಗಿ ಬಿದ್ದಿತ್ತು. ಪಕ್ಕದ ಕುರ್ಚಿಯಲ್ಲಿ ನನ್ನ ಹೆಂಡತಿ ಶೈಲಾ. ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆದರೆ ಹತ್ತು ದಿನದ ಹಿಂದಷ್ಟೇ ಗಂಟಲು ಕಟ್ಟಿ, ಎಮರ್ಜೆನ್ಸಿ ರೂಮಿನ ಮಂಚ ಹತ್ತಿ ಇಳಿದು ಬಂದಿದ್ದೆ. ಕಾರಣ ಸಿಗದಿದ್ದರೆ ಮುಂದಿನ ಸಲ ಇಳಿಯುತ್ತೇನೋ ಇಲ್ಲವೋ ಎಂಬ ಭಯ ನನಗಿಂತ ಹೆಚ್ಚಾಗಿ ಶೈಲಾಳಿಗಿತ್ತು.

ಮೊದಲಿನಿಂದ ಹೇಳುತ್ತೇನೆ.

ನಾನು ಏಕಾದಶಿ ಮಾಡುವವನು. ನಲವತ್ತು ದಾಟಿದ ಮೇಲೆ ಶುರುವಾದದ್ದು. ಅರ್ಧ ಭಕ್ತಿ, ಅರ್ಧ ಕೊಲೆಸ್ಟ್ರಾಲ್. ಹದಿನೈದು ದಿನಕ್ಕೊಮ್ಮೆ ಅನ್ನ ಬಿಡುವುದು, ಮೆಕಿನ್ನಿಯ ಮನೆಯಿಂದ ಪ್ಲೇನೋದ ಆಫೀಸಿಗೆ ಡ್ರೈವ್ ಮಾಡುತ್ತಾ ಸ್ತೋತ್ರ ಕೇಳುವುದು, ಸಂಜೆ ಮನೆಗೆ ಬಂದು ಬರೀ ಫಲಾಹಾರ. ಫಲಾಹಾರ ಎಂದರೆ ನಮ್ಮ ಮೈಸೂರು ಕಡೆಯ ಲೆಕ್ಕದಲ್ಲಿ ಒಗ್ಗರಣೆ ಅವಲಕ್ಕಿ, ಮೇಲೆ ಎರಡು ಬಾಳೆಹಣ್ಣು. (ಫಲಾಹಾರದಲ್ಲಿ ಫಲ ಎಷ್ಟು, ಆಹಾರ ಎಷ್ಟು ಎಂದು ದಯವಿಟ್ಟು ಕೇಳಬೇಡಿ.)

ಎಲ್ಲ ಚೆನ್ನಾಗಿಯೇ ನಡೆದಿತ್ತು. ಹೋದ ವರ್ಷ ಪಕ್ಕದ ಮನೆಗೆ ಲಕ್ನೋದವರು ಬಂದರು. ಆ ಮನೆಯ ಭಾಭಿ ಬಹಳ ಒಳ್ಳೆಯವರು, ವ್ರತದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಂದು ಏಕಾದಶಿ ಸಂಜೆ ಏನನ್ನೋ ಕೊಡಲು ಬಂದವರು ನನ್ನ ತಟ್ಟೆ ನೋಡಿ, "ಭಾಯಿ ಸಾಬ್, ಪೋಹಾ ತೋ ಚಾವಲ್ ಹೀ ಹೈ ನಾ?" ಎಂದುಬಿಟ್ಟರು.

ಅವಲಕ್ಕಿಯೂ ಅಕ್ಕಿಯೇ ಅಲ್ಲವೇ? ಇಷ್ಟು ವರ್ಷ ನನಗೆ ಹೊಳೆಯದೇ ಇದ್ದದ್ದೇನಲ್ಲ. ಆದರೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನನಗೆ ತಟ್ಟೆ ಸಮೇತ ನೆಲಕ್ಕಿಳಿದು ಹೋದಂತಾಯಿತು. ಮರುದಿನ ಭಾಭಿಯೇ ಒಂದು ಡಬ್ಬಿ ಕಂದು ಬಣ್ಣದ ಹಿಟ್ಟು ತಂದುಕೊಟ್ಟರು. ಕುಟ್ಟು ಹಿಟ್ಟು. ಇಲ್ಲಿಯ ಅಂಗಡಿಗಳಲ್ಲಿ ಅದಕ್ಕೆ ಬಕ್‌ವೀಟ್ ಎನ್ನುತ್ತಾರೆ. ಅದು ಧಾನ್ಯವಲ್ಲ, ಗೋಧಿಗೂ ಅದಕ್ಕೂ ಸಂಬಂಧವಿಲ್ಲ, ಯಾವುದೋ ಗಿಡದ ಬೀಜ. ಹಾಗಾಗಿ ಉತ್ತರದವರ ಉಪವಾಸಕ್ಕೆ ಅದೇ ಗತಿ. ಅಂದಿನಿಂದ ನಮ್ಮ ಮನೆಯ ಏಕಾದಶಿಗೆ ಅವಲಕ್ಕಿ ಬಂದ್ ಆಗಿ ಕುಟ್ಟು ದೋಸೆ ಬಂತು. ರುಚಿಯೋ ರುಚಿ. ಉಪವಾಸದ ದಿನ ಯಾವಾಗ ಬರುತ್ತದೋ ಎಂದು ಕಾಯುವ ಹಾಗಾಯಿತು.

ಎರಡು ಮೂರು ತಿಂಗಳು ಏನೂ ಇಲ್ಲ. ಆಮೇಲೆ ಒಂದು ದಿನ ಹೊಟ್ಟೆ, ಬೆನ್ನು, ತೊಡೆಯ ಮೇಲೆಲ್ಲ ಕೆಂಪು ಗಂಧೆ ಎದ್ದಿತು. ಹುಚ್ಚು ಹಿಡಿಸುವಷ್ಟು ತುರಿಕೆ. ಬೆಳಗಾಗುವಷ್ಟರಲ್ಲಿ ಮಾಯ. ಸ್ವಲ್ಪ ದಿನ ಬಿಟ್ಟು ಮತ್ತೆ ಬಂತು. ಮತ್ತೆ ಹೋಯಿತು.

ಶೈಲಾ ಊರಿಗೆ ಫೋನ್ ಮಾಡಿದರೆ ಅತ್ತೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. "ಪಿತ್ತದ ಗಂಧೆ ಅದು. ಖಾಲಿ ಹೊಟ್ಟೇಲಿದ್ರೆ ಪಿತ್ತ ಕೆದರದೇ ಇರುತ್ತಾ? ಉಪವಾಸ ಸಾಕು ಅಂತ ಹೇಳು ಅವರಿಗೆ." ಮೆಕಿನ್ನಿಯ ಕನ್ನಡ ವಾಟ್ಸ್ಆ್ಯಪ್ ಗುಂಪಿನಲ್ಲಂತೂ ಔಷಧಿಗಳ ಸುರಿಮಳೆ. ಪುನರ್ಪುಳಿ ಶರಬತ್ತು ಕುಡಿಯಿರಿ. ಶುಂಠಿ ಬೆಲ್ಲ ತಿನ್ನಿ. ಕಂಬಳಿ ಹೊದ್ದು ಮಲಗಿ. (ಟೆಕ್ಸಸ್ ಸೆಕೆಯಲ್ಲಿ ಕಂಬಳಿ. ಹೇಳಿದವರು ಹೊದ್ದು ತೋರಿಸಲಿ.) ಅಲರ್ಜಿ ಡಾಕ್ಟರಿಗೂ ತೋರಿಸಿದ್ದಾಯಿತು. ಕಡಲೆಕಾಯಿ, ಗೋಡಂಬಿ, ಹಾಲು, ಗೋಧಿ, ಸೋಯಾ, ಎಳ್ಳು ಎಲ್ಲದರ ಟೆಸ್ಟ್ ಮಾಡಿದರು. ಎಲ್ಲ ನಾರ್ಮಲ್. ತುರಿಕೆಗೊಂದು ಮಾತ್ರೆ ಕೊಟ್ಟು ಕಳಿಸಿದರು.

ಆಸ್ಟಿನ್ ಹತ್ತಿರದ ಜಾರ್ಜ್‌ಟೌನ್‌ನಲ್ಲಿ ನನ್ನ ಗೆಳೆಯ ಗಿರೀಶ ಇದ್ದಾನೆ. ಮಕ್ಕಳ ಡಾಕ್ಟರು, ಧಾರವಾಡದವನು. ಫೋನಿನಲ್ಲಿ ನನ್ನ ಕಥೆಯೆಲ್ಲ ಕೇಳಿ, "ಪಿತ್ತ ಗಿತ್ತ ಅಂತ ಕುಂದರಬ್ಯಾಡ್ರಿ. ಫೋನಿನ್ಯಾಗ ಒಂದು ಫುಡ್ ಡೈರಿ ಹಾಕ್ಕೊಳ್ರಿ. ಬಾಯಾಗ ಹೋದದ್ದು ಒಂದೂ ಬಿಡದ ಬರೀರಿ. ಮೈಮ್ಯಾಲೆ ಎದ್ದದ್ದೂ ಬರೀರಿ. ಆಮ್ಯಾಲೆ ನೋಡೂಣು," ಎಂದ.

ಡೈರಿ? ನನಗೆ? ನನ್ನ ಹೊಟ್ಟೆಪಾಡೇ ಅದು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ್ದೇನೆ. ಎಲ್ಲೋ ಏನೋ ಕೆಟ್ಟಾಗ ಮೊದಲು ಕೇಳುವ ಪ್ರಶ್ನೆ, "ಲಾಗ್ ಎಲ್ಲಿ?" ಲಾಗ್ ಎಂದರೆ ನಡೆದದ್ದನ್ನೆಲ್ಲ ಹೊತ್ತಿನ ಸಮೇತ ಬರೆದಿಟ್ಟ ದಾಖಲೆ. ಲಾಗ್ ಸರಿಯಾಗಿ ಇಡದ ಹುಡುಗರಿಗೆ ನಾನು ಕೊಟ್ಟಿರುವ ಉಪನ್ಯಾಸಗಳನ್ನು ಕೇಳಿದರೆ ನೀವು ಈ ಅಂಕಣ ಓದುವುದನ್ನೇ ಬಿಡುತ್ತೀರಿ.

ಮಗಳು ಆಪ್ ಇನ್‌ಸ್ಟಾಲ್ ಮಾಡಿಕೊಟ್ಟಳು. ತಿಂದದ್ದು, ತಿಂದ ಹೊತ್ತು, ಒಂದು ಫೋಟೊ. ಕೆಳಗೆ ತುರಿಕೆ, ಊತ, ಹೊಟ್ಟೆನೋವು ಇದ್ದರೆ ಒಂದರಿಂದ ಹತ್ತರವರೆಗೆ ಅಂಕ. ನಾನು ಶುರುಹಚ್ಚಿಕೊಂಡೆ. ಇಡ್ಲಿ ನಾಲ್ಕು, ಕಾಯಿ ಚಟ್ನಿ, ಕಾಫಿ. ಆಫೀಸಿನಲ್ಲಿ ಯಾರದೋ ಬರ್ತ್‌ಡೇ ಕೇಕು, ಒಂದು ತುಂಡು. ಯಾರೂ ನೋಡದಾಗ ಇನ್ನೊಂದು ಅರ್ಧ. ಕೆಮ್ಮಿನ ಸಿರಪ್ಪನ್ನೂ ಬರೆದೆ. ಟೂತ್‌ಪೇಸ್ಟ್ ಬದಲಾಯಿಸಿದ್ದನ್ನೂ ಬರೆದೆ. ಹಾಕಿದ ಅನ್ನ ಆರಿದರೂ ಸರಿ, ಫೋಟೊ ತೆಗೆಯದೇ ಕೈ ಹಾಕುತ್ತಿರಲಿಲ್ಲ. ಶೈಲಾ, "ದೇವರ ನೈವೇದ್ಯಕ್ಕೂ ಇಷ್ಟು ಹೊತ್ತು ಆಗಲ್ಲ," ಎಂದು ರೇಗಿದಳು.

ಇಷ್ಟೆಲ್ಲ ಮಾಡಿದರೂ ಗಂಧೆ ಬರುವುದು ನಿಲ್ಲಲಿಲ್ಲ. ಡೈರಿಯ ಮೇಲೆ ಕಣ್ಣಾಡಿಸಿದರೆ ನನಗೆ ಏನೂ ಕಾಣಲಿಲ್ಲ. ಕಂಡದ್ದು ಒಂದೇ, ಅತ್ತೆ ಹೇಳಿದ್ದು ಸರಿ. ಗಂಧೆ ಏಳುವುದು ಉಪವಾಸದ ದಿನ. ಉಪವಾಸ ಬಿಡು ಎಂದು ಶೈಲಾ. ಹಿಡಿದ ವ್ರತ ತುರಿಕೆಗೆ ಹೆದರಿ ಬಿಡುವುದೇ ಎಂದು ನಾನು. ಪಿತ್ತಕ್ಕೆ ಪುನರ್ಪುಳಿ ಕುಡಿದು ಹಟ ಸಾಧಿಸಿದೆ.

ಮುಂದಿನ ಏಕಾದಶಿ ಸಂಜೆ ಫಲಾಹಾರ ಮುಗಿಸಿ ಮನೆಯಿಂದಲೇ ಒಂದು ಟೀಮ್ ಕಾಲ್‌ನಲ್ಲಿದ್ದೆ. ತುಟಿ ದಪ್ಪವಾದಂತೆ ಅನಿಸಿತು. ಮಾತಾಡುತ್ತಿದ್ದೆ. ಆ ಕಡೆಯಿಂದ ಒಬ್ಬ, "ನಿಮ್ಮ ಮೈಕ್ ಸರಿ ಇಲ್ಲ ಅನಿಸುತ್ತೆ, ಚೆಕ್ ಮಾಡಿ," ಎಂದ. ಮೈಕ್ ಸರಿಯಾಗಿತ್ತು. ನನ್ನ ದನಿ ಹೋಗುತ್ತಿತ್ತು. ಕಾಫಿ ಕೊಡಲು ಬಂದ ಶೈಲಾ ನನ್ನ ಮುಖ ನೋಡಿದವಳೇ ಲ್ಯಾಪ್‌ಟಾಪ್ ಮುಚ್ಚಿ ನನ್ನ ತೋಳು ಹಿಡಿದಳು. ಹೈವೇಯಲ್ಲಿ ಅವಳು ಕಾರು ಓಡಿಸಿದ್ದು ನೆನಪಿದೆ. ಉಸಿರು ಎಳೆದರೆ ಒಂದು ಹುಲ್ಲುಕಡ್ಡಿಯಷ್ಟು ಗಾಳಿ ಒಳಗೆ ಹೋಗುತ್ತಿತ್ತು. "ಮಾತಾಡ್ಬೇಡಿ. ಉಸಿರಾಡಿ ಸಾಕು," ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ಆಸ್ಪತ್ರೆಯಲ್ಲಿ ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು. ಐದು ನಿಮಿಷದಲ್ಲಿ ಬಾಗಿಲು ತೆರೆದಂತೆ ಗಾಳಿ ಒಳಗೆ ಬಂತು. ನಾನು ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮನೆಗೆ ಕಳಿಸುವಾಗ ತೊಡೆಗೆ ನಾವೇ ಚುಚ್ಚಿಕೊಳ್ಳುವ ಪೆನ್ನಿನಂಥ ಎರಡು ಇಂಜೆಕ್ಷನ್ ಬರೆದುಕೊಟ್ಟು, ಸದಾ ಜೇಬಿನಲ್ಲಿರಲಿ ಎಂದರು. ಮುಂದಿನ ಏಕಾದಶಿಯೊಳಗೆ ಕಾರಣ ಹುಡುಕಲೇಬೇಕು ಎಂದು ಅಲರ್ಜಿ ಡಾಕ್ಟರು ನಮ್ಮನ್ನು ಕ್ಯಾರಲ್ ಹತ್ತಿರ ಕಳಿಸಿದರು.

ಹೀಗೆ ನಾವು ಆ ಕೋಣೆಗೆ ಬಂದದ್ದು.

ಕ್ಯಾರಲ್‌ಗೆ ಅರವತ್ತರ ಆಸುಪಾಸು. ಮೂಗಿನ ತುದಿಗೆ ಕನ್ನಡಕ. ನಾನು ಇಡ್ಲಿ, ಬಿಸಿಬೇಳೆಬಾತು, ಮೊಸರನ್ನದ ಪುರಾಣ ವಿವರಿಸಲು ಸಜ್ಜಾಗಿ ಹೋಗಿದ್ದೆ. ಆಕೆ ಊಟದ ಕಡೆ ನೋಡಲೇ ಇಲ್ಲ. ಗಂಧೆ ಎದ್ದ ದಿನಗಳಿಗೆ ಮಾತ್ರ ಕೆಂಪು ಚುಕ್ಕೆ ಹಾಕಿದ್ದರು. ಆರು ಚುಕ್ಕೆ. ಪೆನ್ಸಿಲ್ ತುದಿಯಿಂದ ದಿನಗಳನ್ನು ಎಣಿಸಿದರು.

"ಹದಿನೈದು. ಇಪ್ಪತ್ತೊಂಬತ್ತು. ಮೂವತ್ತು. ಹದಿನೈದು. ಹದಿನಾಲ್ಕು," ಎಂದರು. "ನಿಮ್ಮ ಕೆಲಸದಲ್ಲಿ ಎರಡು ವಾರಕ್ಕೊಮ್ಮೆ ಏನಾದರೂ ನಡೆಯುತ್ತಾ?"

ನಡೆಯುತ್ತದೆ, ಎರಡು ವಾರಕ್ಕೊಮ್ಮೆ ಶುಕ್ರವಾರ ಹೊಸ ಸಾಫ್ಟ್‌ವೇರಿನ ರಿಲೀಸ್ ಇರುತ್ತದೆ ಎಂದೆ. ಕೇಳಿದ್ದು ಕೆಲಸದ ಬಗ್ಗೆ, ಏಕಾದಶಿಯ ಮಾತು ನಾನೇಕೆ ಎತ್ತಲಿ?

"ಇಲ್ಲ, ಇದು ಶುಕ್ರವಾರ ಅಲ್ಲ. ವಾರ ಬದಲಾಗ್ತಾ ಹೋಗಿದೆ," ಎಂದು ಮತ್ತೆ ಕಾಗದ ನೋಡಿದರು. ಆಮೇಲೆ ಫೋನ್ ತೆಗೆದು ಏನನ್ನೋ ಹುಡುಕಿದರು, ಚುಕ್ಕೆಗಳ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಸೊನ್ನೆ ಬರೆದರು. ಕೆಲವು ಸೊನ್ನೆ ಖಾಲಿ. ಕೆಲವಕ್ಕೆ ಕಪ್ಪು ತುಂಬಿದರು.

"ನಮ್ಮಪ್ಪ ಹ್ಯೂಸ್ಟನ್ ಆಚೆ ಸಮುದ್ರದಲ್ಲಿ ಮೀನು ಹಿಡೀತಿದ್ದ," ಎಂದರು. "ಉಬ್ಬರ ಇಳಿತದ ಚಾರ್ಟು ನಮ್ಮನೆ ಗೋಡೆ ಮೇಲೆ ಇರ್ತಿತ್ತು. ನಾನು ಓದೋದು ಕಲಿತಿದ್ದೇ ಅದರಿಂದ. ಹುಣ್ಣಿಮೆಗೆ ನಾಲ್ಕು ದಿನ ಮುಂಚೆ, ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ. ಆರಕ್ಕೆ ಆರೂ. ಏನು ನಿಮ್ಮದು, ಚಂದ್ರನ ಜೊತೆ ಏನಾದರೂ ವ್ಯವಹಾರ ಇದೆಯಾ?"

ನನಗೆ ಮೈ ಜುಮ್ಮೆಂದಿತು. ಈಗ ಬರೆಯುವಾಗಲೂ ಜುಮ್ಮೆನ್ನುತ್ತದೆ. ಪಂಚಾಂಗ ಎಂಬ ಪದವನ್ನೇ ಕೇಳದ ಹೆಂಗಸು. ಏಕಾದಶಿ ಎಂದರೆ ಏನೆಂದು ತಿಳಿಯದ ಹೆಂಗಸು. ನನ್ನ ಚರ್ಮದ ಮೇಲೆ ಎದ್ದ ಗುಳ್ಳೆ ಎಣಿಸಿ ತಿಥಿ ಹೇಳಿದರು. ಶುಕ್ಲ ಪಕ್ಷ, ಕೃಷ್ಣ ಪಕ್ಷ ಎರಡೂ ಆ ಕಾಗದದ ಮೇಲೆ ಇದ್ದವು. ನಾನು ನಾಲ್ಕು ತಿಂಗಳು ಬೆರಳಲ್ಲಿ ಒತ್ತಿದ್ದು ಬರೀ ಇಡ್ಲಿ ಚಟ್ನಿ. ಅದರೊಳಗೆ ಚಂದ್ರ ಬಂದು ಕುಳಿತಿದ್ದ.

ಆಮೇಲೆ ಆ ಆರು ದಿನ ಏನು ತಿಂದಿದ್ದೇನೆಂದು ನೋಡಿದರು. ಫಾಸ್ಟಿಂಗ್. ಫಾಸ್ಟಿಂಗ್. ಫಾಸ್ಟಿಂಗ್. ಆರೂ ದಿನ ಅದೇ. ಆಗಲೇ ಆಕೆ ಆ ಮೊದಲ ಮಾತು ಹೇಳಿದ್ದು.

ನಾನು ಪಿತ್ತದ ಸಿದ್ಧಾಂತ ಮಂಡಿಸಲು ಬಾಯಿ ತೆರೆದೆ. ಕ್ಯಾರಲ್ ಕೈ ಅಡ್ಡ ಹಿಡಿದರು. "ನಿಮ್ಮ ಮನೇಲಿ ಫಾಸ್ಟಿಂಗ್ ಅಂದ್ರೆ ಏನು?"

"ಏನೂ ತಿನ್ನಲ್ಲ," ಎಂದೆ.

ಪಕ್ಕದ ಕುರ್ಚಿಯಿಂದ ಒಂದು ಸಣ್ಣ ಕೆಮ್ಮು ಬಂತು. "ರೀ," ಎಂದಳು ಶೈಲಾ. "ಏನೂ ತಿನ್ನಲ್ವಾ ನೀವು?"

ಓದುಗರೇ, ನೀವು ನನ್ನ ಕಷ್ಟ ಅರ್ಥ ಮಾಡಿಕೊಳ್ಳಬೇಕು. ಬೆಳಗ್ಗೆ ಎದ್ದು ಸಂಕಲ್ಪ ಮಾಡಿ, ಆಪ್‌ನಲ್ಲಿ ಫಾಸ್ಟಿಂಗ್ ಎಂಬ ಬಟನ್ ಒತ್ತಿದರೆ ಆ ದಿನ ಮುಗಿಯಿತು. ಮತ್ತೆ ಸಂಜೆ ಹೋಗಿ ದೋಸೆ ಐದು ಎಂದು ಬರೆಯುವುದು ಹೇಗೆ? ಫಲಾಹಾರ ಊಟವೇ? ಅನ್ನ ಉಂಡರೆ ತಾನೇ ಊಟ? ನೀವೇ ಎದೆ ಮುಟ್ಟಿ ಹೇಳಿ, ಒಪ್ಪತ್ತಿನ ದಿನ ರಾತ್ರಿ ಒಂದು ಬಟ್ಟಲು ಉಪ್ಪಿಟ್ಟು ತಿಂದವರನ್ನು ಊಟ ಆಯ್ತಾ ಎಂದು ಕೇಳಿದರೆ ಏನನ್ನುತ್ತೀರಿ? ಕೆಮ್ಮಿನ ಸಿರಪ್ಪು ಬರೆದವನು ನಾನು. ಸುಳ್ಳು ಬರೆಯಬೇಕೆಂದು ಬರೆದವನಲ್ಲ. ನನ್ನ ಲೆಕ್ಕದಲ್ಲಿ ಅದು ತಿಂದದ್ದೇ ಅಲ್ಲ.

ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲು ಹೋಗಿ ತೊದಲಿದೆ. ಕ್ಯಾರಲ್ ನನ್ನನ್ನು ಬಿಟ್ಟು ಶೈಲಾಳ ಕಡೆ ತಿರುಗಿದರು. "ಅಡುಗೆ ಯಾರು ಮಾಡ್ತಾರೆ?"

"ನಾನು," ಎಂದಳು.

"ನಿಮಗೇನಾದರೂ ನೆನಪಿದೆಯಾ?"

ಅಲ್ಲಿಂದ ಮುಂದೆ ನಡೆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಶೈಲಾ ಪ್ರಿಂಟ್ ಕಡೆ ನೋಡಲಿಲ್ಲ. ಫೋನ್ ತೆಗೆಯಲಿಲ್ಲ. ಮಡಿಲಲ್ಲಿದ್ದ ಬ್ಯಾಗಿನ ಮೇಲೆ ಕೈಯಿಟ್ಟುಕೊಂಡು ಹೇಳುತ್ತಾ ಹೋದಳು. "ಮೊದಲನೇ ಏಕಾದಶಿ, ಡಿಶ್‌ವಾಷರ್ ಕೆಟ್ಟಿತ್ತು. ಕುಟ್ಟು ದೋಸೆ, ಆಲೂಗಡ್ಡೆ ಪಲ್ಯ. ಮೂರು ದೋಸೆ ಹಾಕಿಸಿಕೊಂಡ್ರು. ಕಾವಲಿ ಕೈಯಲ್ಲೇ ಉಜ್ಜಿದೆ, ಅದಕ್ಕೇ ನೆನಪು. ಎರಡನೇದು, ಮಗಳ ಸ್ಕೂಲಲ್ಲಿ ಆರ್ಕೆಸ್ಟ್ರಾ ಕಾನ್ಸರ್ಟ್. ಹೊರಡೋ ಅವಸರ, ಕುಟ್ಟು ಪೂರಿ ಕರಿದೆ. ನಾಲ್ಕು ಪೂರಿ, ಮೊಸರು. ಕಾನ್ಸರ್ಟಲ್ಲಿ ಕೂತು ಬೆನ್ನು ಕೆರ್ಕೊಳ್ತಿದ್ರು. ಮೂರನೇದು, ಫುಲ್‌ಶೀರ್‌ನಲ್ಲಿ ನಮ್ಮಣ್ಣನ ಮನೇಲಿದ್ವಿ. ಹಿಟ್ಟು ತಗೊಂಡು ಹೋಗಿರಲಿಲ್ಲ. ಹಣ್ಣು, ಹಾಲು, ಖರ್ಜೂರ ಅಷ್ಟೇ."

ಕ್ಯಾರಲ್ ಕಾಗದ ನೋಡಿದರು. ಮೂರನೆಯದಕ್ಕೆ ಚುಕ್ಕೆ ಇರಲಿಲ್ಲ.

"ನಾಲ್ಕನೇದು ಮತ್ತೆ ದೋಸೆ, ಐದು ಹಾಕಿಸಿಕೊಂಡ್ರು. ಐದನೇದಕ್ಕೆ ಹಿಟ್ಟು ಮುಗಿದಿತ್ತು. ಅಂಗಡಿಗೆ ಹೋಗಕ್ಕಾಗಲಿಲ್ಲ. ಸಬ್ಬಕ್ಕಿ ನೆನೆಸಿ, ಆಲೂಗಡ್ಡೆ, ಕಡಲೆಕಾಯಿ ಬೀಜ ಹಾಕಿ ಮಾಡಿದೆ."

ಐದನೆಯದಕ್ಕೂ ಚುಕ್ಕೆ ಇರಲಿಲ್ಲ. ಕ್ಯಾರಲ್ ಬರೆಯುವುದನ್ನು ನಿಲ್ಲಿಸಿ ಶೈಲಾಳನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಎಂಟು ಏಕಾದಶಿ. ಎಷ್ಟು ದೋಸೆ, ಪಕ್ಕದಲ್ಲಿ ಏನು, ಅವತ್ತು ಮನೆಗೆ ಯಾರು ಬಂದಿದ್ದರು, ನಾನು ಏನೆಂದು ರೇಗಿದೆ, ಎಲ್ಲ ಹೇಳಿದಳು. ನಡುವೆ ಒಂದು ಸಲವೂ ತಡವರಿಸಲಿಲ್ಲ. ಇಪ್ಪತ್ತೆರಡು ವರ್ಷ ಲಾಗ್ ನೋಡಿದ್ದೇನೆ, ಇಷ್ಟು ಚೊಕ್ಕ ಲಾಗ್ ನಾನು ಕಂಡಿಲ್ಲ. ಅದೂ ನಮ್ಮ ಅಡುಗೆಮನೆಯಲ್ಲೇ ಇತ್ತು. ಬೆರಗಾಗಿ ಕುಳಿತುಬಿಟ್ಟೆ.

"ಆ ಆರು ದಿನವೂ ತಿಂದಿದ್ದು, ಮಿಕ್ಕ ಯಾವ ದಿನವೂ ತಿನ್ನದೇ ಇದ್ದದ್ದು, ಏನಾದರೂ ಇದೆಯಾ?" ಕ್ಯಾರಲ್ ಮೆಲ್ಲಗೆ ಕೇಳಿದರು.

"ಕುಟ್ಟು," ಎಂದಳು ಶೈಲಾ. ನನ್ನ ಕಡೆ ತಿರುಗಿ, "ನಾನೇ ಮಾಡಿ ಹಾಕ್ತಿದ್ನಾ?" ಎಂದಳು. ಅವಳ ಕಣ್ಣು ತುಂಬಿತ್ತು. ಐದು ಬೇಕೆಂದು ಕೇಳಿ ಹಾಕಿಸಿಕೊಂಡವನು ನಾನು, ಬರೆಯದೇ ಬಿಟ್ಟವನು ನಾನು.

"ಮಾಡಿದ್ದು ನೀವೇ ಇರಬಹುದು. ಹುಡುಕಿಕೊಟ್ಟಿದ್ದೂ ನೀವೇ," ಎಂದು ಕ್ಯಾರಲ್ ಟಿಶ್ಯೂ ಡಬ್ಬಿ ಅವಳ ಮುಂದೆ ಸರಿಸಿದರು.

ಅಲರ್ಜಿ ಡಾಕ್ಟರ ಟೆಸ್ಟ್ ಮುಂದಿನ ವಾರ ಆಯಿತು. ತೋಳಿನ ಮೇಲೆ ಬಕ್‌ವೀಟ್ ಮುಟ್ಟಿಸಿ ಸೂಜಿಯಿಂದ ಸಣ್ಣಗೆ ಚುಚ್ಚಿದರು. ಹದಿನೈದು ನಿಮಿಷದಲ್ಲಿ ಅಲ್ಲಿ ದೊಡ್ಡ ಗುಳ್ಳೆ. ಸಾಕ್ಷಾತ್ ಅಪರಾಧಿ. ಮೊದಲ ಸಲದ ಟೆಸ್ಟುಗಳಲ್ಲಿ ಅದರ ಹೆಸರೇ ಇರಲಿಲ್ಲ. ನಾವು ಹೇಳಿದ್ದರೆ ತಾನೇ ಇರುವುದು? (ಡೈರಿ ಬರೆದು ನೀವೇ ಡಾಕ್ಟರಾಗಬೇಡಿ, ಮಹಾರಾಯರೇ. ಅದು ಅನುಮಾನ ಹುಟ್ಟಿಸುತ್ತದೆ, ತೀರ್ಪು ಡಾಕ್ಟರದ್ದು.) ವಿಷಯ ತಿಳಿದು ಭಾಭಿ ಓಡಿಬಂದು ಬಾಗಿಲಲ್ಲೇ ಅತ್ತರು. ಅವರಿಗೆ ಸಮಾಧಾನ ಹೇಳಿ ಹೇಳಿ ನಮಗೆ ಸಾಕಾಯಿತು. ಅವಲಕ್ಕಿ ಮತ್ತೆ ಮನೆಗೆ ಬಂದಿದೆ. ದೇವರು ಏನೂ ಅಂದಿಲ್ಲ.

ಹೋದ ವಾರ ಕ್ಯಾರಲ್ ಹತ್ತಿರ ಕೊನೆಯ ಸಲ ಹೋಗಿದ್ದೆವು. ಹೊರಗೆ ತಿನ್ನುವಾಗ ಯಾವ ಯಾವ ಪ್ಯಾಕೆಟ್ಟಿನಲ್ಲಿ ಬಕ್‌ವೀಟ್ ಇರುತ್ತದೆ, ಯಾವ ಕಾವಲಿ ಬೇರೆ ಇಡಬೇಕು ಎಂದೆಲ್ಲ ಹೇಳಿಕೊಟ್ಟರು. ಎಲ್ಲ ಮುಗಿದ ಮೇಲೆ ಫೈಲ್ ಮುಚ್ಚುತ್ತಾ ಶೈಲಾಳನ್ನು ಕೇಳಿದರು. "ನೀವೂ ಅದೇ ಹಿಟ್ಟಿನದ್ದು ತಿಂದಿರ್ತೀರಿ ಅಲ್ವಾ? ನಿಮಗೇನಾದರೂ ತೊಂದರೆ ಆಗಿತ್ತಾ? ಆ ಎಂಟು ದಿನ ನೀವೇನು ತಿಂದ್ರಿ?"

"ನಾನಾ?" ಎಂದಳು ಶೈಲಾ.

ಯೋಚಿಸಿದಳು. ಕಿಟಕಿ ಕಡೆ ನೋಡಿದಳು. ಡಿಶ್‌ವಾಷರ್ ಕೆಟ್ಟ ದಿನದ ದೋಸೆಯ ಲೆಕ್ಕ ಇಟ್ಟವಳಿಗೆ ಒಂದೇ ಒಂದು ಸಂಜೆಯೂ ಸಿಗಲಿಲ್ಲ. "ಏನೋ ತಿಂದಿರ್ತೀನಿ," ಎಂದು ನಕ್ಕು, ಗೊತ್ತಿದ್ದರೆ ನೀವಾದರೂ ಹೇಳಿ ಎನ್ನುವಂತೆ ನನ್ನ ಮುಖ ನೋಡಿದಳು. ಎಂಟು ದಿನವೂ ನಾನು ಅದೇ ಮನೆಯಲ್ಲಿ, ಅದೇ ಟೇಬಲ್ಲಿನಲ್ಲಿ ಕುಳಿತಿದ್ದೆ. ನನಗೂ ಗೊತ್ತಿರಲಿಲ್ಲ.

ನಿಮ್ಮ ಮನೆಯಲ್ಲಿ ಬಡಿಸುವವರು ನಿನ್ನೆ ಏನು ತಿಂದರು, ನಿಮಗೆ ಗೊತ್ತಾ?